ಸ್ಟಾರ್ಟ್ ಆಗದ ಇಂಪಲ್ಸ್, ಹಿರಿಯಡ್ಕ ದಾರಿಯ ಒಂದು ಗ್ಯಾರೇಜು

ಉಡುಪಿಯಿಂದ ಮಣಿಪಾಲ, ಪರ್ಕಳಗಳನ್ನು ದಾಟಿ ಹಿರಿಯಡ್ಕದ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 169ಎಯಿಂದ ಎಡಕ್ಕೆ ಇಳಿಯುವ ಒಂದು ಮಣ್ಣುದಾರಿಯ ಕೊನೆಯಲ್ಲಿ, ಹಂಚಿನ ಮಾಡಿನ ಹಳೆಯ ಮನೆಯೊಂದರ ಚಾವಡಿಯನ್ನೇ ವಿಸ್ತರಿಸಿ ಕಟ್ಟಿಕೊಂಡ ಗ್ಯಾರೇಜು ಇದೆ. ಫಲಕದಲ್ಲಿ ಅಂಗಡಿಯ ಹೆಸರಿಲ್ಲ. ದ್ವಿಚಕ್ರ ವಾಹನ ದುರಸ್ತಿ ಎಂದಷ್ಟೇ ಕೈಬರಹದಲ್ಲಿ ಬರೆದಿದೆ. ಅದನ್ನು ನಡೆಸುವವರು ಅರುವತ್ತು ದಾಟಿದ ಒಬ್ಬ ಮೆಕ್ಯಾನಿಕ್. ಸಹಾಯಕ್ಕೆ ಒಬ್ಬ ಹುಡುಗನಿದ್ದಾನೆ. ತಮ್ಮ ಹೆಸರನ್ನು ಎಲ್ಲಿಯೂ ಹಾಕಬಾರದೆಂದು ಅವರು ಕೇಳಿಕೊಂಡಿರುವುದರಿಂದ ಇಲ್ಲಿ ಅದನ್ನು ಬರೆಯುತ್ತಿಲ್ಲ. ಮಳೆಗಾಲ ಕಳೆದ ಮೇಲೆ ಸ್ಟಾರ್ಟ್ ಆಗಲು ಒಪ್ಪದ ನನ್ನ ಬೈಕನ್ನು ಅವರು ಹೇಗೆ ಪರೀಕ್ಷಿಸಿದರು, ಏನನ್ನು ಕಂಡುಕೊಂಡರು, ಎಷ್ಟು ಹಣ ತೆಗೆದುಕೊಂಡರು, ಯಾವ ವಿಷಯದಲ್ಲಿ ಅವರ ಸೇವೆ ಇನ್ನೂ ಚೆನ್ನಾಗಿರಬಹುದಿತ್ತು ಎಂಬುದನ್ನು ವಿವರವಾಗಿ ಬರೆಯುವುದು ನನ್ನ ಉದ್ದೇಶ. ಕೆಸರಿನಲ್ಲಿ, ಗುಡ್ಡದಲ್ಲಿ ಬೈಕ್ ಓಡಿಸುವ ಈ ಭಾಗದವರಿಗೆ ಇದರಿಂದ ಉಪಯೋಗವಾಗುತ್ತದೆ ಎಂಬ ನಂಬಿಕೆ ನನಗಿದೆ.

ಬೈಕು ಹೀರೊ ಇಂಪಲ್ಸ್. 2011ರಲ್ಲಿ ಮಾರುಕಟ್ಟೆಗೆ ಬಂದ ಈ ಮಾದರಿಯ ತಯಾರಿಕೆ ನಿಂತು ವರ್ಷಗಳಾಗಿವೆ. 149.2 ಸಿಸಿಯ, ಗಾಳಿಯಿಂದಲೇ ತಣಿಯುವ ಒಂಟಿ ಸಿಲಿಂಡರಿನ ಇಂಜಿನ್, ಗಾಳಿಗೆ ಪೆಟ್ರೋಲ್ ಬೆರೆಸಿ ಕೊಡುವ ಕಾರ್ಬೊರೇಟರ್, ಎತ್ತರದ ಸಸ್ಪೆನ್ಷನ್. ಸ್ಪರ್ಧೆಗೆಂದೇ ತಯಾರಾಗುವ ಡರ್ಟ್ ಬೈಕಿನ ಶಕ್ತಿ ಇದಕ್ಕಿಲ್ಲ. ಆದರೂ ಮುರಕಲ್ಲಿನ ಹಳೆಯ ಕ್ವಾರಿಗಳಲ್ಲಿ, ಗೇರುಗುಡ್ಡೆಗಳ ಕಾಲುದಾರಿಗಳಲ್ಲಿ, ನಂಬರ್ ಪ್ಲೇಟ್ ಇಟ್ಟುಕೊಂಡೇ ರಸ್ತೆಯಿಂದ ಗುಡ್ಡಕ್ಕೂ ಗುಡ್ಡದಿಂದ ರಸ್ತೆಗೂ ಹೋಗಿಬರಲು ನಮ್ಮ ಊರಿಗೆ ಇಷ್ಟು ಹೊಂದಿಕೊಂಡ ಬೈಕ್ ಅಪರೂಪ. ಉಡುಪಿಯವರೇ ಆದ ಅರವಿಂದ್ ಕೆ.ಪಿ. ಅವರು ಮರುಭೂಮಿಯ ದೀರ್ಘ ಓಟವಾದ 2019ರ ಡಕಾರ್ ರ್‍ಯಾಲಿಯನ್ನು 37ನೆಯ ಸ್ಥಾನದಲ್ಲಿ ಮುಗಿಸಿದ ಸುದ್ದಿ ಓದಿದ ದಿನದಿಂದ ನನ್ನಲ್ಲಿಯೂ ಈ ಆಸೆ ಬೆಳೆಯಿತು. ಇದನ್ನು ಸೆಕೆಂಡ್ ಹ್ಯಾಂಡ್ ಆಗಿ ಕೊಂಡು ಪ್ರತಿ ಬೇಸಗೆಯಲ್ಲಿಯೂ ಭಾನುವಾರಗಳಂದು ಓಡಿಸುತ್ತ ಬಂದಿದ್ದೇನೆ. ಜೂನ್ ನಡುವಿನಲ್ಲಿ ಮಳೆ ಬಲವಾದಾಗ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ನಿಲ್ಲಿಸಿ, ಮೇಲೊಂದು ಟಾರ್ಪಾಲು ಹೊದೆಸಿದೆ. ಆಟಿ ತಿಂಗಳು ಕಳೆದು, ಕೃಷ್ಣಾಷ್ಟಮಿಯ ಗಲಾಟೆಯೂ ಮುಗಿದ ವಾರ ಹೊರಗೆ ತೆಗೆದಾಗ ಅದು ಸ್ಟಾರ್ಟ್ ಆಗಲಿಲ್ಲ.

ಮೊದಲು ಒಯ್ದದ್ದು ಮನೆಗೆ ಹತ್ತಿರದ ಬೇರೊಂದು ಗ್ಯಾರೇಜಿಗೆ. ಅಲ್ಲಿ ಮೊದಲ ದಿನ ಪ್ಲಗ್ ಬದಲಿಸಿದರು. ಎರಡನೆಯ ದಿನ ಬ್ಯಾಟರಿ ಬದಲಿಸಿದರು. ನಾಲ್ಕನೆಯ ದಿನ ಕಿಡಿ ಹೊಮ್ಮಿಸುವ ಇಲೆಕ್ಟ್ರಾನಿಕ್ ಪೆಟ್ಟಿಗೆಯಾದ ಸಿಡಿಐ ಹಾಳಾಗಿದೆ ಎಂದು ಹೇಳಿ ಅದನ್ನೂ ಹೊಸದಾಗಿ ಹಾಕಿದರು. ಒಟ್ಟು 3,400 ರೂಪಾಯಿ ಖರ್ಚಾಯಿತು. ಬೈಕು ಒಂದೆರಡು ಬಾರಿ ಪುಟಪುಟ ಎಂದು ಸದ್ದು ಮಾಡಿದ್ದನ್ನು ಬಿಟ್ಟರೆ ಏನೂ ಬದಲಾಗಲಿಲ್ಲ. ಕೊನೆಗೆ ಇಂಜಿನ್ ಬೋರ್ (ಸಿಲಿಂಡರಿನ ಒಳಗೋಡೆ) ಹೋಗಿದೆ, ಬಿಚ್ಚಬೇಕು, ಒಂಬತ್ತು ಸಾವಿರವಾದರೂ ಬೇಕಾದೀತು ಎಂದರು. ಅವರಲ್ಲಿ ಮೋಸದ ಉದ್ದೇಶವಿತ್ತೆಂದು ನಾನು ಭಾವಿಸಿಲ್ಲ. ಬ್ಯಾಟರಿಯಂತೂ ಎರಡೂವರೆ ತಿಂಗಳು ಚಾರ್ಜ್ ಇಲ್ಲದೆ ಕುಳಿತಿದ್ದರಿಂದ ಅದನ್ನು ಹೇಗೂ ಬದಲಿಸಬೇಕಾಗಿತ್ತು. ನನ್ನ ಆಕ್ಷೇಪ ಇರುವುದು ಕ್ರಮದ ಬಗ್ಗೆ. ಒಂದು ಭಾಗ ಕೆಟ್ಟಿದೆಯೋ ಇಲ್ಲವೋ ಎಂದು ಪರೀಕ್ಷಿಸದೆ ಹೊಸದನ್ನು ಹಾಕಿ ನೋಡುವುದು, ಅದರಿಂದ ಆಗದಿದ್ದರೆ ಮುಂದಿನದನ್ನು ಹಾಕಿ ನೋಡುವುದು, ಎಲ್ಲ ಮುಗಿದ ಮೇಲೆ ಇಂಜಿನನ್ನೇ ದೂರುವುದು ನಮ್ಮ ಕಡೆಯ ಎಷ್ಟೋ ಗ್ಯಾರೇಜುಗಳಲ್ಲಿ ರೂಢಿಯಾಗಿಬಿಟ್ಟಿದೆ, ಮತ್ತು ಆ ಪ್ರಯೋಗದ ಖರ್ಚು ಪೂರ್ತಿಯಾಗಿ ಗಿರಾಕಿಯ ಮೇಲೆ ಬೀಳುತ್ತದೆ. ಒಂದು ಒಳ್ಳೆಯ ಕೆಲಸವನ್ನು ಅವರು ಮಾಡಿದ್ದರು: ಕಳಚಿದ ಹಳೆಯ ಪ್ಲಗ್ಗನ್ನೂ ಸಿಡಿಐಯನ್ನೂ ನನ್ನ ಕೈಗೆ ಕೊಟ್ಟಿದ್ದರು. ಅವು ಮುಂದೆ ಬಹಳ ಉಪಯೋಗಕ್ಕೆ ಬಂದವು.

ಗೂಡ್ಸ್ ಟೆಂಪೋದಲ್ಲಿ ಬೈಕನ್ನು ಹಿರಿಯಡ್ಕ ದಾರಿಯ ಗ್ಯಾರೇಜಿಗೆ ತಂದು ಇಳಿಸಿದಾಗ ನಾನು ಎದುರು ನೋಡಿದ್ದು, ಅವರು ಕೂಡಲೇ ಕಿಕ್ ಹೊಡೆದು ನೋಡುತ್ತಾರೆ ಎಂದು. ಅವರು ಬೈಕನ್ನು ಮುಟ್ಟಲೇ ಇಲ್ಲ. ಒಂದು ಹಳೆಯ ನೋಟ್‌ಬುಕ್ ತೆರೆದು ಹೊಸ ಪುಟದಲ್ಲಿ ಬೈಕಿನ ನಂಬರ್ ಬರೆದುಕೊಂಡು, ಸುಮಾರು ಕಾಲು ಗಂಟೆ ನನ್ನನ್ನು ಪ್ರಶ್ನೆ ಕೇಳಿದರು. ಕೊನೆಯ ಸಲ ಯಾವಾಗ ಓಡಿತು, ನಿಲ್ಲಿಸುವಾಗ ಟ್ಯಾಂಕಿಯಲ್ಲಿ ಎಷ್ಟು ಪೆಟ್ರೋಲ್ ಇತ್ತು, ಪೆಟ್ರೋಲ್ ಕಾಕ್ ಮುಚ್ಚಿದ್ದಿರಾ, ಎಲ್ಲಿ ನಿಲ್ಲಿಸಿದ್ದಿರಿ, ಆ ಮಾಡು ಸೋರುತ್ತದೆಯೇ, ನಿಲ್ಲಿಸುವ ಮೊದಲಿನ ತಿಂಗಳಲ್ಲಿ ಯಾರಾದರೂ ಕೈ ಹಾಕಿದ್ದರೇ? ಮೇ ತಿಂಗಳಲ್ಲಿ, ಇಂಜಿನಿಗೆ ಗಾಳಿ ಬಿಡುವ ಮತ್ತು ಹೊಗೆ ಹೊರಹಾಕುವ ವಾಲ್ವುಗಳನ್ನು ಒತ್ತುವ ಟ್ಯಾಪೆಟ್ಟಿನ ಸದ್ದು ಜಾಸ್ತಿಯಾಗಿದೆ ಎಂದು ನಾನೇ ಹೇಳಿ, ಒಂದು ಕಡೆ ಬಿಗಿ ಮಾಡಿಸಿದ್ದು ಆಗ ನೆನಪಿಗೆ ಬಂತು. ಅದರ ನಂತರ ಓಡಿಸುವಾಗ ಏನಾದರೂ ವ್ಯತ್ಯಾಸ ಕಂಡಿತೇ ಎಂದು ಮತ್ತೆ ಕೇಳಿದರು. ಯೋಚಿಸಿ ನೋಡಿದರೆ, ಕೊನೆಯ ಎರಡು ಸವಾರಿಗಳಲ್ಲಿ ಇಂಜಿನ್ ಬಿಸಿಯಾದ ಮೇಲೆ ನಿಲ್ಲಿಸಿ ಮತ್ತೆ ಸ್ಟಾರ್ಟ್ ಮಾಡಲು ಐದಾರು ಕಿಕ್ ಬೇಕಾಗಿತ್ತು. ಬೇಸಗೆಯ ಸೆಕೆಗೆ ಹಾಗಾಗಿರಬೇಕು ಎಂದು ಸುಮ್ಮನಿದ್ದೆ. ಅವರು ಅದನ್ನೂ ಬರೆದುಕೊಂಡು ಅಡಿಗೆರೆ ಎಳೆದರು. "ಎರಡು ರೋಗ ಇರಬಹುದು ಮಾಷ್ಟ್ರೇ, ಒಂದೇ ಅಂತ ನಾನೀಗ ಹೇಳುವುದಿಲ್ಲ. ನಾಳೆ ಬನ್ನಿ, ನೀವು ಇರುವಾಗಲೇ ನೋಡುವ" ಎಂದರು. ಗಿರಾಕಿ ಎದುರಿಗಿರುವಾಗಲೇ ಪರೀಕ್ಷೆ ಮಾಡುವುದು ಅವರ ಪದ್ಧತಿಯಂತೆ. ನನಗೆ ಈ ಗ್ಯಾರೇಜಿನ ಮೇಲೆ ಗೌರವ ಹುಟ್ಟಿದ್ದು ಆ ಕಾಲು ಗಂಟೆಯಲ್ಲಿ.

ಪೆಟ್ರೋಲ್ ಇಂಜಿನ್ ಹೊತ್ತಿಕೊಳ್ಳಬೇಕಾದರೆ ಸರಿಯಾದ ಹೊತ್ತಿಗೆ ಕಿಡಿ ಬೇಕು, ಗಾಳಿಯೊಡನೆ ಹದವಾಗಿ ಬೆರೆತ ಪೆಟ್ರೋಲ್ ಬೇಕು, ಆ ಮಿಶ್ರಣವನ್ನು ಸಾಕಷ್ಟು ಒತ್ತುವ ಕಂಪ್ರೆಷನ್ ಬೇಕು. ಇದು ಪುಸ್ತಕದಲ್ಲಿಯೂ ಇದೆ, ಎಲ್ಲ ಮೆಕ್ಯಾನಿಕ್‌ಗಳಿಗೂ ತಿಳಿದಿದೆ. ಆದರೆ ಒಂದನ್ನು ಪೂರ್ತಿ ಖಚಿತ ಮಾಡಿಕೊಳ್ಳದೆ ಇನ್ನೊಂದಕ್ಕೆ ಹೋಗದಿರುವ ತಾಳ್ಮೆಯನ್ನು ನಾನು ಕಂಡದ್ದು ಇಲ್ಲಿ. ಮರುದಿನ ಬೆಳಿಗ್ಗೆ ಮೊದಲು ಬ್ಯಾಟರಿಗೆ ಮೀಟರ್ ಹಚ್ಚಿದರು, 12.5 ವೋಲ್ಟ್ ಇತ್ತು, ಸೆಲ್ಫ್ ಒತ್ತಿದಾಗ 10.6ಕ್ಕೆ ಇಳಿದು ಅಲ್ಲಿಯೇ ನಿಂತಿತು. ಅಷ್ಟಿದ್ದರೆ ಸಾಕು. ನಂತರ ಪ್ಲಗ್ ಕಳಚಿದರು, ಅದು ಒದ್ದೆಯಾಗಿತ್ತು. ಪೆಟ್ರೋಲ್ ಟ್ಯಾಂಕಿಯಿಂದ ಸಿಲಿಂಡರಿನವರೆಗೆ ಏನೋ ಒಂದು ದ್ರವ ಬರುತ್ತಿದೆ ಎಂಬುದಕ್ಕೆ ಅದು ಸಾಕ್ಷಿ, ಆದರೆ ಅದು ಪೆಟ್ರೋಲೇ ಎಂದು ಈಗಲೇ ನಂಬಬಾರದು ಎಂದರು. ಕಿಡಿಯನ್ನು ಪರೀಕ್ಷಿಸುವಾಗ ಪ್ಲಗ್ ರಂಧ್ರಕ್ಕೆ ಬಟ್ಟೆ ತುರುಕಿ, ಪ್ಲಗ್ಗನ್ನು ಆ ರಂಧ್ರದಿಂದ ಸಾಕಷ್ಟು ದೂರದಲ್ಲಿ ಇಂಜಿನಿನ ಲೋಹಕ್ಕೆ ತಾಗಿಸಿ ಹಿಡಿದರು. ಒಳಗಿನಿಂದ ಹೊರಬರುವ ಪೆಟ್ರೋಲ್ ಆವಿಗೆ ಆ ಕಿಡಿಯೇ ತಗುಲಿ ಬೆಂಕಿ ಹತ್ತಿದ ಘಟನೆಗಳನ್ನು ಅವರು ಕಂಡಿದ್ದಾರೆ. ಕಿಡಿ ನೀಲಿಯಾಗಿ, ಚಟಚಟನೆ ಕೇಳುವಷ್ಟು ಬಲವಾಗಿ ಬಂತು.

ಇಲ್ಲಿಗೆ ನಿಲ್ಲಿಸಿದ್ದರೂ ಸಾಕಾಗಿತ್ತು. ಅವರು ನನ್ನ ಚೀಲದಲ್ಲಿದ್ದ ಹಳೆಯ ಸಿಡಿಐಯನ್ನು ಕೇಳಿ ತೆಗೆದುಕೊಂಡು ಅದನ್ನೇ ಮತ್ತೆ ಜೋಡಿಸಿ, ಹಳೆಯ ಪ್ಲಗ್ಗನ್ನೇ ಹಾಕಿ ಇನ್ನೊಮ್ಮೆ ನೋಡಿದರು. ಅದೇ ನೀಲಿ ಕಿಡಿ. ಎರಡು ಭಾಗಗಳೂ ಕೆಟ್ಟೇ ಇರಲಿಲ್ಲ. ಹೊಸ ಸಿಡಿಐಯನ್ನು ಕೊಟ್ಟೆಯಲ್ಲಿ ಕಟ್ಟಿ, ಮುಂದೆ ಬೇಕಾದಾಗ ಬಳಸಿಕೊಳ್ಳಿ ಎಂದು ನನಗೆ ಕೊಟ್ಟರು. ಸಿಡಿಐಗೆ ಹೋಗುವ ಕನೆಕ್ಟರಿನ ಪಿನ್ನುಗಳ ಮೇಲೆ ಹಸಿರು ಬಣ್ಣದ ತುಕ್ಕು ಕೂತಿತ್ತು. ಕಡಲಿಗೆ ಹತ್ತಿರದ ಊರುಗಳಲ್ಲಿ ಉಪ್ಪಿನ ಗಾಳಿಗೆ ತಾಮ್ರ ಹೀಗಾಗುತ್ತದೆ. ಅದನ್ನು ಬ್ರಷ್‌ನಿಂದ ಉಜ್ಜಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಒಣಗಿಸಿ, ಸ್ವಲ್ಪ ಗ್ರೀಸ್ ಸವರಿ ಜೋಡಿಸಿದರು. ಮೊದಲಿನ ಗ್ಯಾರೇಜಿನಲ್ಲಿ ಸಿಡಿಐ ಕೆಟ್ಟಿದೆ ಎಂದು ತೋರಲು ಈ ತುಕ್ಕೇ ಕಾರಣವಾಗಿರಬಹುದು.

ಪೆಟ್ರೋಲಿನ ವಿಷಯದಲ್ಲಿ ನಾನು ಕಲಿತದ್ದೇ ಹೆಚ್ಚು. ಕಾರ್ಬೊರೇಟರಿನ ಕೆಳಗೆ ಪೆಟ್ರೋಲ್ ನಿಲ್ಲುವ ಬಟ್ಟಲಾದ ಫ್ಲೋಟ್ ಬೌಲ್‌ನ ಸ್ಕ್ರೂ ಸಡಿಲಿಸಿ, ಹೊರಬಂದದ್ದನ್ನು ಒಂದು ಪಾರದರ್ಶಕ ಗಾಜಿನ ಬಾಟಲಿಗೆ ಹಿಡಿದು, ಮೇಜಿನ ಮೇಲೆ ಅಲುಗಾಡದಂತೆ ಇಟ್ಟರು. ಐದು ನಿಮಿಷದಲ್ಲಿ ಬಾಟಲಿಯೊಳಗೆ ಎರಡು ಪದರಗಳು ಸ್ಪಷ್ಟವಾಗಿ ಬೇರ್ಪಟ್ಟವು. ನಡುವೆ ಗೆರೆ ಎಳೆದಂತೆ ಕಾಣುತ್ತಿತ್ತು. ಮೇಲಿನದು ಪೆಟ್ರೋಲ್. ಕೆಳಗಿನದು ನೀರು ಮತ್ತು ಎಥನಾಲ್ ಸೇರಿದ ದ್ರವ. ನಂತರ ಟ್ಯಾಂಕಿಯ ತಳದಿಂದ ಹಿಡಿದ ಇನ್ನೊಂದು ಬಾಟಲಿಯಲ್ಲಿ ಕೆಳಗಿನ ಪದರವೇ ಹೆಚ್ಚಿತ್ತು. ಈಗ ಬಂಕುಗಳಲ್ಲಿ ಸಿಗುವುದು ಶೇ. 20ರಷ್ಟು ಎಥನಾಲ್ ಬೆರೆತ ಇ20 ಪೆಟ್ರೋಲ್. ಎಥನಾಲ್ ನೀರನ್ನು ತನ್ನೊಳಗೆ ಸೇರಿಸಿಕೊಳ್ಳುತ್ತದೆ; ಒಂದು ಮಿತಿಯವರೆಗೆ ಆ ನೀರು ಪೆಟ್ರೋಲಿನಲ್ಲಿ ಕಾಣಿಸದಂತೆ ಇರುತ್ತದೆ, ಮಿತಿ ಮೀರಿದೊಡನೆ ನೀರೂ ಎಥನಾಲೂ ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ಟ್ಯಾಂಕಿಯಿಂದ ಕಾರ್ಬೊರೇಟರಿಗೆ ಪೆಟ್ರೋಲ್ ಹೋಗುವುದು ತಳದಿಂದಲೇ ಆದ್ದರಿಂದ ಇಂಜಿನಿಗೆ ಮೊದಲು ಸಿಗುವುದು ಹೊತ್ತಿಕೊಳ್ಳದ ಆ ಪದರ. ಪ್ಲಗ್ ಒದ್ದೆಯಾಗಿದ್ದುದು, ಕಿಡಿ ಬಲವಾಗಿದ್ದುದು, ಆದರೂ ಇಂಜಿನ್ ಹೊತ್ತದಿದ್ದುದು, ಎಲ್ಲಕ್ಕೂ ಇದರಿಂದ ಉತ್ತರ ಸಿಕ್ಕಿತು.

ಆದರೆ ಅಷ್ಟು ನೀರು ಬಂದದ್ದೆಲ್ಲಿಂದ? ಗಾಳಿಯ ತೇವದಿಂದ ಮಾತ್ರ ಇಷ್ಟಾಗುವುದಿಲ್ಲ ಎಂದು ಅವರು ಟ್ಯಾಂಕಿಯ ಮುಚ್ಚಳವನ್ನು ನೋಡತೊಡಗಿದರು. ಮುಚ್ಚಳದ ಸುತ್ತ ಒಂದು ತಗ್ಗು ಇರುತ್ತದೆ. ಅಲ್ಲಿ ನಿಂತ ಮಳೆನೀರು ಹೊರಗೆ ಹರಿದುಹೋಗಲು ಒಂದು ಸಣ್ಣ ರಂಧ್ರವೂ ಅದರಿಂದ ಕೆಳಗಿಳಿಯುವ ಒಂದು ಕೊಳವೆಯೂ ಇರುತ್ತವೆ. ನನ್ನ ಬೈಕಿನಲ್ಲಿ ಆ ರಂಧ್ರ ಕ್ವಾರಿಯ ಕೆಂಪುಮಣ್ಣಿನಿಂದ ಗಟ್ಟಿಯಾಗಿ ಮುಚ್ಚಿಹೋಗಿತ್ತು. ಕೊಟ್ಟಿಗೆಯ ಹಂಚು ಸರಿದ ಜಾಗದಿಂದ ತೊಟ್ಟಿಕ್ಕಿದ ನೀರು ಟಾರ್ಪಾಲಿನ ಮಡಿಕೆಯಲ್ಲಿ ಇಳಿದು ಮುಚ್ಚಳದ ತಗ್ಗಿನಲ್ಲಿ ನಿಂತು, ಬಿರುಸಾಗಿದ್ದ ರಬ್ಬರ್ ಪ್ಯಾಕಿಂಗಿನ ಸಂದಿನಿಂದ ದಿನವೂ ಸ್ವಲ್ಪ ಸ್ವಲ್ಪ ಒಳಗೆ ಸೇರಿದೆ. ಸೈಕಲ್ ಚಕ್ರದ ಕಡ್ಡಿಯಿಂದ ಆ ರಂಧ್ರವನ್ನು ಬಿಡಿಸಿ, ನೀರು ಹೊಯ್ದು, ಅದು ಕೆಳಗಿನ ಕೊಳವೆಯಿಂದ ಹೊರಬರುವುದನ್ನು ನನಗೆ ತೋರಿಸಿದರು. ಕೆಸರಿನಲ್ಲಿ ಬೈಕ್ ಓಡಿಸುವವರೆಲ್ಲರೂ ಮಳೆಗಾಲಕ್ಕೆ ಮೊದಲು ಈ ರಂಧ್ರವನ್ನು ನೋಡಲೇಬೇಕು. ವರ್ಷಗಟ್ಟಲೆ ಬೈಕ್ ತೊಳೆದ ನನಗೆ ಹೀಗೊಂದು ರಂಧ್ರವಿದೆ ಎಂಬುದೇ ಗೊತ್ತಿರಲಿಲ್ಲ.

ಟ್ಯಾಂಕಿಯನ್ನು ಪೂರ್ತಿ ಇಳಿಸಿ, ತೊಳೆದು, ಬಿಸಿಲಿಗೆ ಒಣಗಿಸಿದರು. ಕಾರ್ಬೊರೇಟರನ್ನು ಬಿಚ್ಚಿದಾಗ ಬೌಲ್‌ನ ತಳದಲ್ಲಿ ಬಿಳಿಯ ಪುಡಿಯಂಥದ್ದು ಅಂಟಿಕೊಂಡಿತ್ತು. ಪೈಲಟ್ ಜೆಟ್ಟಿನ ರಂಧ್ರವಂತೂ ಬೆಳಕಿಗೆ ಹಿಡಿದರೆ ಕಾಣುತ್ತಲೇ ಇರಲಿಲ್ಲ. ಸ್ಟಾರ್ಟ್ ಆಗುವಾಗಲೂ ನಿಧಾನದ ಓಟದಲ್ಲಿಯೂ ಇಂಜಿನಿಗೆ ಪೆಟ್ರೋಲ್ ಸಿಗುವುದು ಈ ಸಣ್ಣ ಜೆಟ್ಟಿನಿಂದ. ಅದನ್ನು ಸೂಜಿಯಿಂದ ಚುಚ್ಚಲು ಹುಡುಗ ಕೈ ಹಾಕಿದಾಗ ಅವರು ತಡೆದರು; ಹಿತ್ತಾಳೆ ಮೃದುವಾದ್ದರಿಂದ ರಂಧ್ರ ಒಂದಿಷ್ಟು ದೊಡ್ಡದಾದರೂ ಮಿಶ್ರಣದ ಹದ ಶಾಶ್ವತವಾಗಿ ಕೆಡುತ್ತದೆ. ಕ್ಲೀನರಿನಲ್ಲಿ ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಗಾಳಿ ಹೊಡೆದು ಬಿಡಿಸಿದರು. ಏರ್ ಫಿಲ್ಟರನ್ನೂ ನೋಡಿದರು, ಅದು ಸರಿಯಾಗಿತ್ತು.

ಮೂರನೆಯ ದಿನ ಹೊಸ ಪೆಟ್ರೋಲ್ ಹಾಕಿ, ಚೋಕ್ ಎಳೆದು ಕಿಕ್ ಹೊಡೆದಾಗ ಏಳನೆಯದಕ್ಕೋ ಎಂಟನೆಯದಕ್ಕೋ ಬೈಕ್ ಸ್ಟಾರ್ಟ್ ಆಯಿತು. ನನಗೆ ಆದ ಸಂತೋಷವನ್ನು ಹೇಳಲಾರೆ. ಹಣ ಕೊಟ್ಟು ಅಲ್ಲಿಂದಲೇ ಓಡಿಸಿಕೊಂಡು ಹೋಗಲು ಸಿದ್ಧನಾಗಿದ್ದೆ. ಅವರು ಕೊಡಲಿಲ್ಲ. "ಕಾರ್ಬೊರೇಟರ್ ಕ್ಲೀನ್ ಆದ ಗಾಡಿ ಎರಡನೇ ಕಿಕ್ಕಿಗೆ ಏಳಬೇಕು. ಎಂಟು ಕಿಕ್ ಅಂದರೆ ಒಳಗೆ ಇನ್ನೆಂತದೋ ಉಂಟು. ನೀವು ಮೇ ತಿಂಗಳಿಂದು ಹೇಳಿದ್ದಿರಲ್ಲ, ಅದು" ಎಂದರು. ಇಂಜಿನ್ ಬಿಸಿಯಾದ ಮೇಲೆ ನಿಲ್ಲಿಸಿ ಮತ್ತೆ ಪ್ರಯತ್ನಿಸಿದಾಗ ಬೈಕು ಎಷ್ಟು ಒದ್ದರೂ ಸ್ಟಾರ್ಟ್ ಆಗಲಿಲ್ಲ. ಸ್ಟಾರ್ಟ್ ಆದ ಬೈಕನ್ನು ಕೈಗೆ ಕೊಟ್ಟು ಕಳುಹಿಸುವುದು ಎಷ್ಟು ಸುಲಭವಿತ್ತು ಎಂದು ಯೋಚಿಸಿದರೆ, ನಾನು ಈ ಗ್ಯಾರೇಜಿನ ಬಗ್ಗೆ ಇಷ್ಟು ಉದ್ದವಾಗಿ ಏಕೆ ಬರೆಯುತ್ತಿದ್ದೇನೆ ಎಂಬುದು ತಿಳಿದೀತು.

ಮರುದಿನ ತಣ್ಣಗಿರುವ ಇಂಜಿನಿಗೆ ಕಂಪ್ರೆಷನ್ ಗೇಜ್ ಹಾಕಿದರು. ಪ್ಲಗ್ ಇರುವ ರಂಧ್ರಕ್ಕೆ ಗೇಜನ್ನು ತಿರುಗಿಸಿ ಕೂರಿಸಿ, ಆಕ್ಸಿಲರೇಟರನ್ನು ಪೂರ್ತಿ ತೆರೆದು ಹಿಡಿದು, ಮುಳ್ಳು ಏರುವುದು ನಿಲ್ಲುವವರೆಗೆ ಕಿಕ್ ಹೊಡೆಯಬೇಕು. ಆಕ್ಸಿಲರೇಟರ್ ಮುಚ್ಚಿದ್ದರೆ ಒಳಗೆ ಗಾಳಿ ಸಾಕಷ್ಟು ಹೋಗದೆ ಸುಳ್ಳು ಲೆಕ್ಕ ತೋರಿಸುತ್ತದೆ. ಮುಳ್ಳು 90 ಪಿಎಸ್ಐಗೆ (ಒತ್ತಡದ ಅಳತೆ) ನಿಂತಿತು. ಈ ಇಂಜಿನಿಗೆ ಅದು ತೀರ ಕಡಿಮೆ. ಬೋರ್ ಹೋಗಿದೆ ಎಂದ ಮೊದಲಿನ ಗ್ಯಾರೇಜಿನ ಮಾತೇ ಸರಿಯಾಯಿತೇನೋ ಎಂದು ನನಗೆ ಭಯವಾಯಿತು. ಅವರು ಪ್ಲಗ್ ರಂಧ್ರದಿಂದ ಒಂದು ಚಮಚ ಇಂಜಿನ್ ಆಯಿಲ್ ಒಳಗೆ ಬಿಟ್ಟು, ಮತ್ತೆ ಗೇಜ್ ಹಾಕಿ ಕಿಕ್ ಹೊಡೆದರು. ಮುಳ್ಳು 95ರ ಹತ್ತಿರ ಬಂದು ನಿಂತಿತು. ಪಿಸ್ಟನ್ ರಿಂಗುಗಳೋ ಬೋರೋ ಸವೆದಿದ್ದರೆ ಆ ಆಯಿಲ್ ಸಂದುಗಳನ್ನು ತುಂಬಿ ಸ್ವಲ್ಪ ಹೊತ್ತಿಗಾದರೂ ಒತ್ತಡವನ್ನು ಬಹಳ ಏರಿಸುತ್ತಿತ್ತು. ಏರದೆ ಇದ್ದುದರಿಂದ ಸೋರಿಕೆ ಇರುವುದು ಮೇಲಿನ ವಾಲ್ವುಗಳಲ್ಲಿ ಎಂದು ತಿಳಿಯಿತು. ಒಂದು ಚಮಚ ಆಯಿಲ್ ಮತ್ತು ಎರಡು ನಿಮಿಷ, ಒಂಬತ್ತು ಸಾವಿರ ರೂಪಾಯಿಯ ಇಂಜಿನ್ ಕೆಲಸ ಬೇಡವೆಂದು ತೋರಿಸಿಕೊಟ್ಟವು.

ಟ್ಯಾಪೆಟ್ ಮುಚ್ಚಳಗಳನ್ನು ತೆಗೆದು, ಪಿಸ್ಟನ್ನನ್ನು ಕಂಪ್ರೆಷನ್ ಹೊಡೆತದ ತುದಿಗೆ ತಂದು ನಿಲ್ಲಿಸಿ, ಸಂದು ಅಳೆಯುವ ಫೀಲರ್ ಗೇಜಿನ 0.05 ಮಿಲಿಮೀಟರಿನ ತೆಳುವಾದ ಎಲೆಯನ್ನು ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವಿನ ತುದಿಯಲ್ಲಿ ತೂರಿಸಲು ಪ್ರಯತ್ನಿಸಿದರು. ತೂರಲಿಲ್ಲ. ಅಲ್ಲಿ ಸಂದೇ ಇರಲಿಲ್ಲ. ಇಂಜಿನ್ ಬಿಸಿಯಾದಾಗ ಲೋಹ ಹಿಗ್ಗುವುದರಿಂದ ಆ ಹಿಗ್ಗುವಿಕೆಗೆಂದೇ ಟ್ಯಾಪೆಟ್ಟಿನಲ್ಲಿ ಕೂದಲೆಳೆಯಷ್ಟು ಸಂದು ಬಿಡುತ್ತಾರೆ. ಸದ್ದು ನಿಲ್ಲಲಿ ಎಂದು ಅದನ್ನು ಬಿಗಿದುಬಿಟ್ಟರೆ ವಾಲ್ವು ತನ್ನ ಸೀಟಿನ ಮೇಲೆ ಪೂರ್ತಿಯಾಗಿ ಕೂರದೆ ಕಂಪ್ರೆಷನ್ ಅಲ್ಲಿಂದ ಸೋರುತ್ತದೆ, ಬಿಸಿಯಾದಂತೆ ಸೋರಿಕೆ ಇನ್ನೂ ಹೆಚ್ಚುತ್ತದೆ. ಸೀಟಿಗೆ ತಾಗಿ ಕುಳಿತಾಗಲೇ ಎಕ್ಸಾಸ್ಟ್ ವಾಲ್ವಿನ ಬಿಸಿ ಹೆಡ್ಡಿಗೆ ಇಳಿಯುವುದರಿಂದ, ಹೀಗೆಯೇ ಓಡಿಸುತ್ತಿದ್ದರೆ ಕೆಲವು ತಿಂಗಳಲ್ಲಿ ಅದರ ಅಂಚು ಸುಟ್ಟುಹೋಗುತ್ತಿತ್ತು. ಟ್ಯಾಪೆಟ್ ಸಣ್ಣಗೆ ಟಿಕ್‌ಟಿಕ್ ಎನ್ನುತ್ತಿದ್ದರೆ ಅದನ್ನು ರೋಗವೆಂದು ತಿಳಿಯಬಾರದು, ಸದ್ದೇ ಇಲ್ಲದಿದ್ದರೆ ಮಾತ್ರ ತನಗೆ ಹೆದರಿಕೆ ಎಂದು ಅವರು ಹೇಳಿದರು. ಮೇ ತಿಂಗಳಲ್ಲಿ ಆ ಸದ್ದನ್ನು ನಿಲ್ಲಿಸಿ ಎಂದು ಒತ್ತಾಯಿಸಿದ್ದು ನಾನೇ. ಆ ತಪ್ಪನ್ನು ಇಲ್ಲಿ ಬರೆಯದಿದ್ದರೆ ಇನ್ನೊಬ್ಬರು ಅದನ್ನೇ ಮಾಡಿಯಾರು. ಎರಡೂ ವಾಲ್ವುಗಳ ಸಂದನ್ನು ಕಂಪನಿ ಹೇಳಿದ ಅಳತೆಗೆ ತಂದು ಮತ್ತೆ ಗೇಜ್ ಹಾಕಿದಾಗ ಮುಳ್ಳು 145 ಪಿಎಸ್ಐಗೆ ಏರಿತು. ಚೋಕ್ ಹಾಕಿ ಹೊಡೆದ ಎರಡನೆಯ ಕಿಕ್ಕಿಗೆ ಬೈಕು ಸ್ಟಾರ್ಟ್ ಆಯಿತು.

ಅದಾದ ಮೇಲೂ ಎರಡು ಪರೀಕ್ಷೆಗಳು ಉಳಿದಿದ್ದವು. ಇಪ್ಪತ್ತು ನಿಮಿಷ ಪರ್ಕಳದ ಕಡೆಗೆ ಓಡಿಸಿಕೊಂಡು ಬಂದು, ಹತ್ತು ನಿಮಿಷ ನಿಲ್ಲಿಸಿ, ಬಿಸಿ ಇಂಜಿನನ್ನು ಚೋಕ್ ಇಲ್ಲದೆ ಸ್ಟಾರ್ಟ್ ಮಾಡಿದರು. ಮೊದಲ ಕಿಕ್ಕಿಗೇ ಆಯಿತು. ಬೈಕನ್ನು ಆ ರಾತ್ರಿ ಅಲ್ಲಿಯೇ ಇರಿಸಿಕೊಂಡು, ಮರುದಿನ ಬೆಳಿಗ್ಗೆ ಪೂರ್ತಿ ತಣಿದ ಇಂಜಿನನ್ನು ನನ್ನ ಕೈಯಿಂದಲೇ ಸ್ಟಾರ್ಟ್ ಮಾಡಿಸಿ ಕೊಟ್ಟರು. ಅದಾಗಿ ಎರಡು ತಿಂಗಳು ಕಳೆದಿವೆ. ಒಂದು ದಿನವೂ ತೊಂದರೆ ಕೊಟ್ಟಿಲ್ಲ.

ಆ ದಿನಗಳಲ್ಲಿ ಬೇರೆಯವರ ಬೈಕುಗಳ ಕೆಲಸವನ್ನೂ ನೋಡುವ ಅವಕಾಶ ನನಗಿತ್ತು. ಡರ್ಟ್ ಟ್ರ್ಯಾಕಿನಲ್ಲಿ ಓಡಿಸುವ ಟೂ ಸ್ಟ್ರೋಕ್ ಬೈಕೊಂದು ಬಿದ್ದ ಮೇಲೆ ಸ್ಟಾರ್ಟ್ ಆಗುತ್ತಿಲ್ಲ ಎಂದು ಇಬ್ಬರು ಹುಡುಗರು ತಂದಿದ್ದರು. ಅಡ್ಡ ಬಿದ್ದಾಗ ಕಾರ್ಬೊರೇಟರಿನಿಂದ ಪೆಟ್ರೋಲ್ ಇಂಜಿನಿನೊಳಗೆ ತುಂಬಿಕೊಂಡಿತ್ತು. ಪೆಟ್ರೋಲ್ ಕಾಕ್ ಮುಚ್ಚಿ, ಪ್ಲಗ್ ತೆಗೆದು, ಆಕ್ಸಿಲರೇಟರ್ ಪೂರ್ತಿ ತೆರೆದು ಹತ್ತು ಹನ್ನೆರಡು ಬಾರಿ ಕಿಕ್ ಹೊಡೆಸಿ ಒಳಗಿನದನ್ನು ಹೊರಗೆ ಉಗುಳಿಸಿ, ಒಣಗಿದ ಪ್ಲಗ್ ಹಾಕಿದ ಕೂಡಲೇ ಅದು ಎದ್ದಿತು. ಹಣ ಕೇಳಲಿಲ್ಲ. ಹೊಳೆ ದಾಟುವಾಗ ನೀರು ಕುಡಿದು ನಿಂತ ಬೈಕಿನ ಬಗ್ಗೆ ಅವರು ಆ ಹುಡುಗರಿಗೆ ಹೇಳಿದ ಮಾತನ್ನು ಇಲ್ಲಿಯೂ ಬರೆದಿಡುತ್ತೇನೆ: ಅಂಥ ಬೈಕಿಗೆ ಯಾವ ಕಾರಣಕ್ಕೂ ಸೆಲ್ಫ್ ಒತ್ತಬಾರದು, ತಳ್ಳಿ ಸ್ಟಾರ್ಟ್ ಮಾಡಲೂಬಾರದು. ಗಾಳಿಯಂತೆ ನೀರು ಒತ್ತಿಕೊಳ್ಳುವುದಿಲ್ಲವಾದ್ದರಿಂದ ಕನೆಕ್ಟಿಂಗ್ ರಾಡೇ ಬಾಗಿಹೋಗಬಹುದು. ಮೊದಲು ಪ್ಲಗ್ ತೆಗೆದು ನೀರನ್ನು ಹೊರಹಾಕಬೇಕು, ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಅದನ್ನೂ ಬದಲಿಸಬೇಕು.

ಕೊರತೆಗಳನ್ನೂ ಹೇಳಬೇಕು. ಕೆಲಸ ನಿಧಾನ; ನನ್ನ ಬೈಕು ಅಲ್ಲಿ ಆರು ದಿನ ಇತ್ತು, ಅದರಲ್ಲಿ ಒಂದು ದಿನ ಅದನ್ನು ಯಾರೂ ಮುಟ್ಟಲಿಲ್ಲ. ಫೋನ್ ಮಾಡಿದರೆ ಎತ್ತುವುದಿಲ್ಲ, ಆದ್ದರಿಂದ ವಿಚಾರಿಸಲು ಅಷ್ಟು ದೂರ ಹೋಗಿಯೇ ಬರಬೇಕು. ಬಿಡಿಭಾಗಗಳ ದಾಸ್ತಾನು ಇಲ್ಲ. ಟ್ಯಾಂಕಿ ಮುಚ್ಚಳದ ಪ್ಯಾಕಿಂಗ್‌ಗಾಗಿ ನಾನೇ ಉಡುಪಿಯ ಅಂಗಡಿಗಳನ್ನು ಸುತ್ತಬೇಕಾಯಿತು. ಕಾಯುವವರಿಗೆ ಎರಡು ಸ್ಟೂಲುಗಳಿವೆ, ಮಳೆ ಬಂದರೆ ಒಳಗೆ ನಿಲ್ಲಲು ಜಾಗವಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಕಾರ್ಬೊರೇಟರಿನ ಬದಲು ಫ್ಯೂಯಲ್ ಇಂಜೆಕ್ಷನ್ ಇರುವ ಬೈಕುಗಳಿಗೆ ಬೇಕಾದ ಸ್ಕ್ಯಾನರ್ ಇಲ್ಲಿಲ್ಲ. ಎಕ್ಸ್‌ಪಲ್ಸ್‌ನಂಥ ಹೊಸ ಬೈಕು ತಂದವರಿಗೆ ಕೀ ತಿರುಗಿಸಿದಾಗ ಪೆಟ್ರೋಲ್ ಪಂಪಿನ ಸದ್ದು ಒಂದೆರಡು ಸೆಕೆಂಡು ಕೇಳುತ್ತದೆಯೇ, ಬ್ಯಾಟರಿ, ಫ್ಯೂಸ್, ಸೈಡ್ ಸ್ಟ್ಯಾಂಡಿನ ಸ್ವಿಚ್ ಸರಿ ಇವೆಯೇ ಎಂದು ನೋಡಿ, ಬಿದ್ದ ಬೈಕಾದರೆ ಕೀಯನ್ನು ಒಮ್ಮೆ ಆಫ್ ಮಾಡಿ ಮತ್ತೆ ಆನ್ ಮಾಡಿಸಿ, ಅದಕ್ಕೂ ಮೀರಿದ್ದಾದರೆ ಕಂಪನಿಯ ಸರ್ವಿಸ್‌ಗೆ ಒಯ್ಯಿರಿ ಎಂದು ನೇರವಾಗಿ ಹೇಳಿಬಿಡುತ್ತಾರೆ. ತನಗೆ ಬಾರದ ಕೆಲಸವನ್ನು ಬಾರದು ಎನ್ನುವುದು ಒಳ್ಳೆಯದೇ; ಆದರೆ ಆ ಬೈಕನ್ನು ಟೆಂಪೋದಲ್ಲಿ ಅಷ್ಟು ದೂರ ತಂದವನಿಗೆ ಬಾಡಿಗೆ ನಷ್ಟ. ಮೊದಲೇ ತಿಳಿದಿರಲಿ ಎಂದು ಬರೆದಿದ್ದೇನೆ.

ಹಣದ ಲೆಕ್ಕ ಹೀಗಿತ್ತು: ಪರೀಕ್ಷೆಗೆ 400, ಕಾರ್ಬೊರೇಟರಿಗೆ 450, ಟ್ಯಾಂಕಿ ಇಳಿಸಿ ತೊಳೆದದ್ದಕ್ಕೆ 350, ಟ್ಯಾಪೆಟ್ಟಿಗೆ 300, ಓ-ರಿಂಗ್ ಮುಂತಾದವಕ್ಕೆ 220, ಒಟ್ಟು 1,720 ರೂಪಾಯಿ. ಮುದ್ರಿತ ಬಿಲ್ ಕೊಡುವುದಿಲ್ಲ, ನೋಟ್‌ಬುಕ್ಕಿನ ಹಾಳೆಯಲ್ಲಿ ಬರೆದು ಕೊಡುತ್ತಾರೆ. ಆ ಹಾಳೆಯಲ್ಲಿ ಹಣದ ಜೊತೆಗೆ ವೋಲ್ಟೇಜು, ಎರಡು ಕಂಪ್ರೆಷನ್ ಅಳತೆಗಳು, ಟ್ಯಾಪೆಟ್ ಸಂದು, ದಿನಾಂಕ ಎಲ್ಲವೂ ಇವೆ. ಪರೀಕ್ಷೆಗೆಂದು ಪ್ರತ್ಯೇಕವಾಗಿ ಹಣ ತೆಗೆದುಕೊಳ್ಳುವುದನ್ನು ಕೆಲವರು ಆಕ್ಷೇಪಿಸಿದ್ದನ್ನು ಅಲ್ಲಿಯೇ ಕೇಳಿದೆ. ನನ್ನ ಅಭಿಪ್ರಾಯ ಬೇರೆ. ಕೆಟ್ಟದ್ದನ್ನು ಕಂಡುಹಿಡಿಯುವುದೇ ಈ ಕೆಲಸದ ಕಷ್ಟದ ಭಾಗ, ಮತ್ತು ಅದಕ್ಕೆ ಕೂಲಿ ಕೊಡದ ಊರಿನಲ್ಲಿ ಮೆಕ್ಯಾನಿಕ್ ತನ್ನ ಸಂಪಾದನೆಯನ್ನು ಬಿಡಿಭಾಗಗಳ ಮಾರಾಟದಲ್ಲಿಯೇ ಹುಡುಕಬೇಕಾಗುತ್ತದೆ. ಬೇಡದ ಸಿಡಿಐ ಒಂದು ಈಗ ನನ್ನ ಕಪಾಟಿನಲ್ಲಿ ಇರುವುದು ಆ ರೀತಿಯಿಂದಲೇ.

ಭಾನುವಾರ ಗ್ಯಾರೇಜು ಇರುವುದಿಲ್ಲ. ಉಳಿದ ದಿನಗಳಲ್ಲಿ ಬೆಳಿಗ್ಗೆ ಹತ್ತರೊಳಗೆ ಹೋದರೆ ಅವರೊಡನೆ ಸಮಾಧಾನವಾಗಿ ಮಾತನಾಡಬಹುದು. ದೊಡ್ಡ ಟೆಂಪೋ ಕೊನೆಯವರೆಗೆ ಇಳಿಯುವುದಿಲ್ಲ, ಹೆದ್ದಾರಿಯ ಬದಿಯಲ್ಲಿಯೇ ಬೈಕ್ ಇಳಿಸಿ ತಳ್ಳಿಕೊಂಡು ಹೋಗಬೇಕು. ಬೇರೆಡೆ ಬದಲಿಸಿದ ಹಳೆಯ ಭಾಗಗಳಿದ್ದರೆ ಜೊತೆಗೆ ಒಯ್ಯಿರಿ. ಟ್ಯಾಂಕಿಯಲ್ಲಿರುವ ಪೆಟ್ರೋಲನ್ನು ಖಾಲಿ ಮಾಡಿ ಹೊಸದನ್ನು ತುಂಬಿಸಿಕೊಂಡು ಹೋಗಬೇಡಿ. ಅವರು ಮೊದಲು ಬಾಟಲಿಗೆ ಹಿಡಿದು ನೋಡಬೇಕೆನ್ನುವುದು ಆ ಹಳೆಯ ಪೆಟ್ರೋಲನ್ನೇ.